ಊರಿಗೊಂದು ಅಂಗಳ

ಮನೆಯೆಂದರೆ ನಾಲ್ಕು ಗೋಡೆಗಳೂ ಮೇಲೊಂದು ಮಾಳಿಗೆಯೂ ಮಾತ್ರವಲ್ಲವೆಂಬುದನ್ನು ಸಂಸಾರಸ್ಥರೆಲ್ಲರೂ ಬಲ್ಲರು. ಅಡಿಗೆಯ ಮನೆ, ದೇವರ ಮನೆ, ಪಡಸಾಲೆ ಇವುಗಳೊಡನೆ ನಮ್ಮ ಹಿರಿಯರು ಅಂಗಳವೊಂದನ್ನು ತಪ್ಪದೆ ಬಿಡುತ್ತಿದ್ದರು. ಆ ಅಂಗಳದಲ್ಲಿ ಹಪ್ಪಳ ಸಂಡಿಗೆಗಳು ಒಣಗುತ್ತಿದ್ದವು, ಕೂಸುಗಳು ಅಂಬೆಗಾಲಿಡುತ್ತಿದ್ದವು, ಬೇಸಗೆಯ ರಾತ್ರಿ ಮನೆಮಂದಿಯೆಲ್ಲರೂ ಅಲ್ಲಿಯೇ ಹಾಸಿಗೆ ಬಿಚ್ಚಿ ಮಲಗುತ್ತಿದ್ದರು. ಅಂಗಳದಿಂದ ಒಂದು ಕಾಸಿನ ಆದಾಯವೂ ಇರಲಿಲ್ಲ. ಆದರೂ ಅದು ವ್ಯರ್ಥವಾದ ಜಾಗವೆಂದು ಯಾರೂ ಹೇಳುತ್ತಿರಲಿಲ್ಲ. ಮನೆಗೆ ಅಂಗಳವು ಹೇಗೋ ಊರಿಗೆ ಉದ್ಯಾನವೂ ಹಾಗೆಯೇ ಆಗಿರುವುದು. ಈಗ ಮನೆಗಳ ಅಂಗಳಗಳು ಒಂದೊಂದಾಗಿ ಕಟ್ಟಡದೊಳಗೆ ಸೇರಿಹೋಗುತ್ತಿರುವುದರಿಂದ ಊರ ಅಂಗಳದ ಅವಶ್ಯಕತೆಯು ಮೊದಲಿಗಿಂತ ಎಷ್ಟೋ ಪಾಲು ಹೆಚ್ಚಾಗಿರುವುದು. ಈ ವಿಷಯವನ್ನು ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ ಎಂಬ ಎರಡು ಊರುಗಳನ್ನು ಮುಂದಿಟ್ಟುಕೊಂಡು ಸ್ವಲ್ಪ ವಿಚಾರ ಮಾಡೋಣ.

ಕಳೆದ ವೈಶಾಖದಲ್ಲಿ ನಾನು ಬಸವಕಲ್ಯಾಣದಲ್ಲಿ ಬಂಧುಗಳ ಮನೆಯಲ್ಲಿ ನಾಲ್ಕು ದಿನ ಇದ್ದೆನು. ಹಗಲಿಡೀ ಬಿಸಿಲಿನ ಝಳಕ್ಕೆ ಹೊರಗೆ ಕಾಲಿಡುವಂತಿರಲಿಲ್ಲ. ಸಂಜೆ ಆರು ಗಂಟೆಯಾಗುತ್ತಲೇ ಆ ಮನೆಯ ಆರು ವರುಷದ ಮೊಮ್ಮಗಳು ತನ್ನ ಮುತ್ಯಾನ ಧೋತರದ ಸೆರಗು ಹಿಡಿದು ಜಗ್ಗಿದಳು.

“ಮುತ್ಯಾ, ಎಲ್ಲಿ ಹೋಗಾಮ?”

“ಬಜಾರಕ್ಕ ಹೋದ್ರ ಗಾಡಿ ಮೈಮ್ಯಾಲ ಬರ್ತಾವ. ಕೆರಿ ದೂರ ಆಯ್ತದ. ಇಲ್ಲೇ ಕಟ್ಟಿ ಮ್ಯಾಲ ಕೂಡು ತಂಗಿ” ಎಂದರು ಹಿರಿಯರು.

“ದಿನಾ ಕಟ್ಟಿ ಮ್ಯಾಲೇ ಕೂಡಬೇಕಾ?”

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಒಳಗೆ ಕಾಳು ಹಸನು ಮಾಡುತ್ತಿದ್ದ ಆ ಮಗುವಿನ ಆಯಿಯು ಮಾತ್ರ, “ನಿಮಗ ಕಟ್ಟಿಯರ ಅದ, ನಮಗೇನದ?” ಎಂದು ಮೊರವನ್ನು ನೋಡುತ್ತಲೇ ನುಡಿದರು. ಮಗುವಿನ ಪ್ರಶ್ನೆಯೂ ಆಯಿಯ ಮಾತೂ ಊರಿಗೆ ಮರಳಿದ ಮೇಲೆಯೂ ನನ್ನ ಮನಸ್ಸಿನಿಂದ ಹೋಗಲಿಲ್ಲ. ಈ ಲೇಖನವು ಅವೆರಡಕ್ಕೂ ತಡವಾಗಿ ಬರೆದ ಉತ್ತರವೆಂದು ವಾಚಕರು ತಿಳಿಯಬಹುದು.

ಹಿಂದಿನ ಕಲ್ಯಾಣ

ಉದ್ಯಾನವೆಂಬುದು ಪರದೇಶದಿಂದ ಬಂದ ಷೋಕಿಯೆಂದು ಕೆಲವರು ತಿಳಿಯುವುದುಂಟು. ಕಲ್ಯಾಣದ ಮಟ್ಟಿಗಂತೂ ಈ ಮಾತು ಸಲ್ಲದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರು ತಮ್ಮ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದರು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಈ ಪಟ್ಟಣದ ವೈಭವವು ಶಿಖರಕ್ಕೇರಿತ್ತು. ಕಾಶ್ಮೀರದ ಬಿಲ್ಹಣ ಕವಿಯು ಇಲ್ಲಿಗೆ ಬಂದು ಆಶ್ರಯ ಪಡೆದನು. ಹಿಂದೂ ಧರ್ಮಶಾಸ್ತ್ರದಲ್ಲಿ ಇಂದಿಗೂ ಹೆಸರಾದ ‘ಮಿತಾಕ್ಷರಾ’ವನ್ನು ವಿಜ್ಞಾನೇಶ್ವರನು ಬರೆದುದು ಇಲ್ಲಿಯೇ. ವಿಕ್ರಮನ ಮಗನಾದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ರಾಜ್ಯಭಾರ, ಅಡಿಗೆ, ಸಂಗೀತ, ಆನೆಕುದುರೆಗಳ ವಿಷಯ ಮೊದಲಾಗಿ ಇಲ್ಲದ ಸಂಗತಿಯೇ ಇಲ್ಲ. ಅದರ ಕ್ರೀಡಾಭಾಗದಲ್ಲಿ ವನಕ್ರೀಡೆಯೆಂದೂ, ಎಳೆಹುಲ್ಲಿನ ಬಯಲಿನಲ್ಲಿ ಆಡುವ ಶಾದ್ವಲಕ್ರೀಡೆಯೆಂದೂ, ಬೆಳದಿಂಗಳಿನ ಜ್ಯೋತ್ಸ್ನಾಕ್ರೀಡೆಯೆಂದೂ ಬೇರೆ ಬೇರೆಯಾಗಿ ಹೇಳಿರುವುದು. ಗಿಡಮರಗಳನ್ನು ಬೆಳೆಸುವ ವಿಧಾನವನ್ನೂ ಅರಸನು ಅಲ್ಲಿ ಬಿಟ್ಟಿಲ್ಲ. ಹಸಿರು ಹುಲ್ಲಿನ ಮೇಲೆ ಕುಳಿತು ಆನಂದಪಡುವುದನ್ನು ಶಾಸ್ತ್ರವಾಗಿ ಬರೆದಿಟ್ಟ ಊರು ಇದು.

ಆದರೆ ಅರಸನ ಉದ್ಯಾನವು ಅರಸನದೇ ಆಗಿತ್ತು; ಅದರ ಬಾಗಿಲಲ್ಲಿ ಕಾವಲುಗಾರನು ನಿಂತಿರುತ್ತಿದ್ದನು. ಸಾಮಾನ್ಯ ಜನರಿಗೆ ಇದ್ದುದು ಬೇರೆ ತರದ ಉದ್ಯಾನಗಳು. ಕೆರೆಯ ಏರಿ, ಅರಳಿಯ ಕಟ್ಟೆ, ಬಾವಿಯ ಬಳಿಯ ಬೇವು, ಊರ ಹೊರಗಿನ ಹುಣಿಸೆಯ ತೋಪು, ದೇವಾಲಯದ ಹೂದೋಟ, ಇವೇ ಅವರ ಉದ್ಯಾನಗಳಾಗಿದ್ದವು. ಗುಡಿಗಳಿಗೆ ಹೂದೋಟವನ್ನು ದಾನವಾಗಿ ಬಿಟ್ಟ ಸಂಗತಿಯು ಆ ಕಾಲದ ಶಾಸನಗಳಲ್ಲಿ ಹೇರಳವಾಗಿ ಸಿಕ್ಕುವುದು. ಬಸವಕಲ್ಯಾಣದ ತ್ರಿಪುರಾಂತ ಕೆರೆಯು, ಅದರ ಬಳಿಯ ಅಕ್ಕನಾಗಮ್ಮನ ಗವಿಯು, ಊರೊಳಗಿನ ಪರುಷಕಟ್ಟೆಯು ಈಗಲೂ ಜನರು ಕೂಡುವ ತಾಣಗಳಾಗಿವೆ. ಹುಮನಾಬಾದದವರಿಗೆ ವೀರಭದ್ರೇಶ್ವರನ ಗುಡಿಯ ಸುತ್ತಣ ಬಯಲೂ, ಊರ ಮಗ್ಗುಲಿನ ಮಾಣಿಕನಗರವೂ ಹಾಗೆಯೇ ಆಗಿರುವುವು. ಅರಳಿಯ ಕಟ್ಟೆಗೆ ಟಿಕೇಟು ಇರಲಿಲ್ಲ, ಕೆರೆಯ ಏರಿಗೆ ಗೇಟು ಇರಲಿಲ್ಲ. ಅವುಗಳನ್ನು ಇಂಥವರೇ ನೋಡಿಕೊಳ್ಳಬೇಕೆಂಬ ಕಾಯಿದೆಯೂ ಇರಲಿಲ್ಲ. ಎಲ್ಲರೂ ಬಳಸುತ್ತಿದ್ದುದರಿಂದ ಎಲ್ಲರೂ ಕಾಯುತ್ತಿದ್ದರು.

ಈಗಿನ ಲೆಕ್ಕ

ಈ ಸೀಮೆಯು 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರ ನವೆಂಬರ 1ರಂದು ಕನ್ನಡನಾಡಿನೊಡನೆ ಕೂಡಿತು. ಅಲ್ಲಿಂದೀಚೆಗೆ ಎರಡೂ ಊರುಗಳು ಬೆಳೆದವು. ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಹುಮನಾಬಾದವನ್ನು ಹಾಯ್ದು ಬಸವಕಲ್ಯಾಣದ ಸಮೀಪದಿಂದ ಸಾಗುವುದರಿಂದ ವ್ಯಾಪಾರವೂ ವಾಹನಗಳೂ ಹೆಚ್ಚಿದವು. 2017ರಲ್ಲಿ ಬೀದರ-ಕಲಬುರಗಿ ರೈಲು ಮಾರ್ಗವು ತೆರೆದು ಹುಮನಾಬಾದಕ್ಕೆ ಉಗಿಬಂಡಿಯಲ್ಲದ ಹೊಸ ಬಂಡಿಯೂ ಬಂದಿತು. ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆಯನ್ನು ನೋಡಲು ದೂರದೂರದ ಯಾತ್ರಿಕರು ಬರುವರು. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. ಇದೆಲ್ಲವೂ ಸಂತೋಷದ ಸಂಗತಿಯೇ. ಆದರೆ ಊರು ಬೆಳೆಯುವಾಗ ಮೊದಲು ನುಂಗುವುದು ಬಯಲನ್ನು ಎಂಬುದನ್ನು ಮರೆಯಬಾರದು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯ ಪ್ರಕಾರ ಬಸವಕಲ್ಯಾಣದಲ್ಲಿ ಸುಮಾರು 70,000, ಹುಮನಾಬಾದದಲ್ಲಿ ಸುಮಾರು 44,000 ಜನರಿದ್ದರು. ಈಗ ಇನ್ನೂ ಹೆಚ್ಚಿರಬೇಕು. ಪಟ್ಟಣಗಳ ಯೋಜನೆಗಾಗಿ ಕೇಂದ್ರ ಸರಕಾರವು 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಒಬ್ಬೊಬ್ಬ ನಿವಾಸಿಗೆ 10ರಿಂದ 12 ಚದರ ಮೀಟರು ತೆರಪು ಜಾಗ ಇರಬೇಕೆಂದು ಹೇಳುವುದು. ಹತ್ತರಂತೆಯೇ ಹಿಡಿದರೂ ಬಸವಕಲ್ಯಾಣಕ್ಕೆ ಏಳು ಲಕ್ಷ ಚದರ ಮೀಟರು, ಎಂದರೆ ಸುಮಾರು 173 ಎಕರೆಯಾಗುವುದು. ಹುಮನಾಬಾದಕ್ಕೆ ಸುಮಾರು 109 ಎಕರೆಯಾಗುವುದು. ಬೆಂಗಳೂರಿನ ಲಾಲಬಾಗು 240 ಎಕರೆಯಷ್ಟಿರುವುದೆಂಬುದನ್ನು ನೆನೆದರೆ ಈ ಅಂಕಿಯ ಗಾತ್ರವು ತಿಳಿಯುವುದು.

ಇಷ್ಟು ಭೂಮಿಯನ್ನು ಎಲ್ಲಿಂದ ತರುವುದೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. ಅದೆಲ್ಲವೂ ಒಂದೇ ಕಡೆ, ಒಂದೇ ಬೇಲಿಯೊಳಗೆ ಇರಬೇಕೆಂದು ಯಾರೂ ಹೇಳಿಲ್ಲ. ಆಟದ ಬಯಲು, ಕೆರೆಯ ದಂಡೆ, ಜಾತ್ರೆಯ ಮೈದಾನ, ಬಡಾವಣೆಯ ಇಪ್ಪತ್ತು ಗುಂಟೆಯ ತುಂಡು, ಹಳ್ಳದ ಎರಡೂ ಮಗ್ಗುಲು ಎಲ್ಲವೂ ಈ ಲೆಕ್ಕದೊಳಗೇ ಸೇರುವುವು. ನಿಜವಾಗಿ ನೋಡಿದರೆ ಊರ ಹೊರಗೆ ಒಂದೇ ಕಡೆಯಿರುವ ಹತ್ತು ಎಕರೆಯ ಉದ್ಯಾನಕ್ಕಿಂತ, ಓಣಿ ಓಣಿಗೆ ಹತ್ತಿರವಾಗಿರುವ ಅರ್ಧ ಅರ್ಧ ಎಕರೆಯ ಇಪ್ಪತ್ತು ತೋಟಗಳು ಸಂಸಾರಸ್ಥರಿಗೆ ಹೆಚ್ಚು ಉಪಯೋಗ. ಮೊದಲನೆಯದಕ್ಕೆ ಹೋಗಬೇಕಾದರೆ ಆಟೋ ಬೇಕು, ಭಾನುವಾರ ಬೇಕು. ಎರಡನೆಯದಕ್ಕೆ ಒಲೆಯ ಮೇಲಿನ ಬೇಳೆ ಬೇಯುವಷ್ಟರಲ್ಲಿ ಮಗುವನ್ನು ಆಡಿಸಿಕೊಂಡು ಬರಬಹುದು.

ಎಲ್ಲರ ತೋಟ

ಅರಸನದಲ್ಲದ, ಎಲ್ಲರ ಹಣದಿಂದ ಎಲ್ಲರಿಗಾಗಿ ಮಾಡಿದ ಉದ್ಯಾನವೆಂಬ ಕಲ್ಪನೆಯು ಬಹಳ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಕಾರಖಾನೆಗಳ ಹೊಗೆಯಿಂದ ಊರುಗಳು ಉಸಿರುಗಟ್ಟತೊಡಗಿದಾಗ, 1847ರಲ್ಲಿ ಬರ್ಕನ್‌ಹೆಡ್ ಎಂಬ ಊರಿನವರು ಸಾರ್ವಜನಿಕ ಹಣದಿಂದ ಒಂದು ಉದ್ಯಾನವನ್ನು ತೆರೆದರು. ನಮ್ಮಲ್ಲಿ ಹೈದರಲಿಯು 1760ರಲ್ಲಿ ತೊಡಗಿದ ಲಾಲಬಾಗು ಕಾಲಾಂತರದಲ್ಲಿ ಎಲ್ಲರದಾಯಿತು. 1870ರಲ್ಲಿ ಕಬ್ಬನ್ ಉದ್ಯಾನವು ಹುಟ್ಟಿತು. ಹೈದರಾಬಾದಿನಲ್ಲಿ ನಿಜಾಮರ ಕಾಲದ ತೋಟಕ್ಕೆ ಬಾಗ್-ಎ-ಆಮ್ ಎಂದು ಹೆಸರು. ಹೆಸರಿನ ಅರ್ಥವೇ ಎಲ್ಲರ ತೋಟವೆಂದು. ಕಲಬುರಗಿಯವರಿಗೆ ಅಪ್ಪನ ಕೆರೆಯ ಬಳಿಯ ಸಾರ್ವಜನಿಕ ಉದ್ಯಾನವೂ, ಬೀದರದವರಿಗೆ ಬರೀದಶಾಹಿ ಗೋರಿಗಳ ಸುತ್ತಣ ಉದ್ಯಾನವೂ ಸಂಜೆಯ ಆಸರೆಯಾಗಿವೆ. ಹಳೆಯ ಸ್ಮಾರಕಕ್ಕೂ ಹಸಿರಿಗೂ ಹೊಂದಾಣಿಕೆಯಾಗುವುದೆಂಬುದಕ್ಕೆ ಬೀದರವೇ ಸಾಕ್ಷಿ.

ಇಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ಪಂಡಿತನನ್ನು ನೆನೆಯುವುದು ಉಚಿತವಾಗಿದೆ. ಆತನು 1914ರಲ್ಲಿ ಹಿಂದುಸ್ತಾನಕ್ಕೆ ಬಂದು ಅನೇಕ ಪಟ್ಟಣಗಳನ್ನು ಕಾಲ್ನಡಿಗೆಯಿಂದ ಸುತ್ತಿ ನೋಡಿದನು. ಆತನು ಕಂಡು ವರದಿ ಬರೆದ ಊರುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಆಗಿನ ಅಧಿಕಾರಿಗಳು ಊರು ಸುಧಾರಿಸುವುದೆಂದರೆ ಹಳೆಯ ಓಣಿಗಳನ್ನು ಕೆಡವಿ ನೇರವಾದ ರಸ್ತೆಗಳನ್ನು ಮಾಡುವುದೆಂದೂ, ಸೊಳ್ಳೆಗಳ ಭಯದಿಂದ ಕೆರೆಗಳನ್ನು ಮುಚ್ಚುವುದೆಂದೂ ತಿಳಿದಿದ್ದರು. ಗೆಡ್ಡಿಸನು ಇದನ್ನು ಒಪ್ಪಲಿಲ್ಲ. ಬಿದ್ದ ಮನೆಗಳ ಹಾಳು ನಿವೇಶನಗಳನ್ನು ಚೊಕ್ಕಟ ಮಾಡಿ, ಅಲ್ಲೊಂದು ಮರ ನೆಟ್ಟು, ಕಟ್ಟೆ ಕಟ್ಟಿ, ಓಣಿಗೊಂದು ಚಿಕ್ಕ ಬಯಲನ್ನು ಹೊಂದಿಸಬೇಕು. ಕೆರೆಗಳನ್ನು ಮುಚ್ಚದೆ ಶುದ್ಧಗೊಳಿಸಬೇಕು. ನೀರೇ ಊರನ್ನು ತಂಪಾಗಿಡುವುದು ಎಂಬುದು ಆತನ ಅಭಿಪ್ರಾಯವಾಗಿತ್ತು. ನೂರು ವರುಷಗಳು ಕಳೆದರೂ ಹಳೆಯ ಕಲ್ಯಾಣದಂಥ ಇಕ್ಕಟ್ಟಿನ ಊರಿಗೆ ಇದಕ್ಕಿಂತ ಸುಲಭವೂ ಅಗ್ಗವೂ ಆದ ಉಪಾಯವು ಕಾಣದು.

ನಕ್ಷೆಯಲ್ಲಿಯ ಹಸಿರು

ಕಾಯಿದೆಗಳಿಗೇನೂ ಕೊರತೆಯಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಹೊಸ ಬಡಾವಣೆಯನ್ನು ಮಾಡುವವರು ಉದ್ಯಾನಕ್ಕೂ ತೆರಪು ಜಾಗಕ್ಕೂ ಒಂದು ಪಾಲನ್ನು ಬಿಡಲೇಬೇಕು. ರೂಢಿಯಲ್ಲಿ ಇದು ನೂರಕ್ಕೆ ಹತ್ತರಷ್ಟಾಗುವುದು. 1985ರಲ್ಲಿ ಉದ್ಯಾನಗಳು, ಆಟದ ಬಯಲುಗಳು, ತೆರಪು ಜಾಗಗಳ ರಕ್ಷಣೆಗೆಂದೇ ರಾಜ್ಯವು ಪ್ರತ್ಯೇಕವಾದ ಕಾಯಿದೆಯನ್ನು ಮಾಡಿತು. ಅದು ಜಾರಿಯಲ್ಲಿರುವ ಊರುಗಳಲ್ಲಿ ಇಂಥ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಯು ತಯಾರಿಸಬೇಕು. ಪಟ್ಟಿಯಲ್ಲಿ ಸೇರಿದ ಜಾಗವನ್ನು ಬೇರೆ ಕೆಲಸಕ್ಕೆ ತಿರುಗಿಸತಕ್ಕದ್ದಲ್ಲ.

ಆದರೂ ಹಸಿರು ಬಣ್ಣವು ನಕ್ಷೆಯಲ್ಲಿಯೇ ಉಳಿಯುವುದು ಹೇಗೆಂಬುದನ್ನು ನಾನು ಕಣ್ಣಾರೆ ಕಂಡಿರುವೆನು. ಊರಿನ ಹೆಸರು ಬೇಡ. ಅದು ಈ ಜಿಲ್ಲೆಯದಲ್ಲವೆಂದಷ್ಟೇ ಹೇಳುವೆನು. ನಾನಿದ್ದ ಬಾಡಿಗೆಯ ಮನೆಯ ಎದುರಿಗೆ ಇಪ್ಪತ್ತೈದು ಗುಂಟೆಯ ಬಯಲೊಂದಿತ್ತು. ನಕ್ಷೆಯಲ್ಲಿ ಅದು ಉದ್ಯಾನ. ಮೊದಲನೆಯ ವರುಷ ಅಲ್ಲಿ ಯಾರೋ ಮನೆ ಕೆಡವಿದ ಕಲ್ಲು ಮಣ್ಣು ಸುರುವಿದರು. ಎರಡನೆಯ ವರುಷ ಸಾಮಾನಿಡಲು ಒಂದು ತಗಡಿನ ಗುಡಿಸಲು ಎದ್ದಿತು, ತಾತ್ಕಾಲಿಕವೆಂದು ಹೇಳಿದರು. ಮೂರನೆಯ ವರುಷ ಆ ಗುಡಿಸಲಿಗೆ ಗೋಡೆ ಬಂದಿತು. ನಾಲ್ಕನೆಯ ವರುಷ ಅಡಿಪಾಯದ ಪೂಜೆಯಾಗಿ ನಮ್ಮೆಲ್ಲರಿಗೂ ಪೇಢೆ ಹಂಚಿದರು. ಓಣಿಯಲ್ಲಿ ನಲವತ್ತು ಮನೆಗಳಿದ್ದವು, ಒಬ್ಬರೂ ಕೇಳಲಿಲ್ಲ. ಇನ್ನೊಬ್ಬರು ಕೇಳುವರೆಂದು ಪ್ರತಿಯೊಬ್ಬರೂ ಕಾಯುತ್ತಿದ್ದರು. ನಾನೂ ಪೇಢೆಯನ್ನು ತೆಗೆದುಕೊಂಡು ಸುಮ್ಮನಿದ್ದೆನು. ತಪ್ಪು ಮಾಡಿದವರು ಯಾರೆಂದು ಕೇಳುವ ಮೊದಲು ಆ ಪೇಢೆಯ ಸವಿಯು ನನಗೆ ನೆನಪಾಗುವುದು.

ಕೇಳಿದವರಿಗೆ ನ್ಯಾಯವು ಸಿಕ್ಕುವುದೆಂಬುದಕ್ಕೂ ನಿದರ್ಶನವುಂಟು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಡಲು ನಿಶ್ಚಯಿಸಲಾಯಿತು. ಆಸ್ಪತ್ರೆಯೆಂದರೆ ಒಳ್ಳೆಯದೇ ಅಲ್ಲವೆ ಎಂದು ಸುಮ್ಮನಿರದೆ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಗಳ ಪಕ್ಷವನ್ನೇ ಎತ್ತಿ ಹಿಡಿಯಿತು. ಉದ್ಯಾನದ ಪ್ರಯೋಜನವು ಇಡಿಯ ಸಮುದಾಯದ್ದು; ಖಾಸಗಿ ಆಸ್ಪತ್ರೆಯು ಅದಕ್ಕೆ ಬದಲಾಗಲಾರದು; ಬಡಾವಣೆಯ ನಿವಾಸಿಗಳಿಗೆ ಅದನ್ನು ಪ್ರಶ್ನಿಸುವ ಹಕ್ಕುಂಟು ಎಂಬುದು ಆ ತೀರ್ಪಿನ ಸಾರ. ಈ ತೀರ್ಪು ಸಣ್ಣ ಊರುಗಳವರಿಗೂ ಬಲವಾದ ಆಧಾರವಾಗಿರುವುದು. ಆದುದರಿಂದ ನಿವೇಶನ ಕೊಳ್ಳುವ ಗೃಹಸ್ಥರು ತಮ್ಮ ಚೌಕದ ಉದ್ದ ಅಗಲಗಳನ್ನು ಮಾತ್ರ ಅಳೆಯದೆ, ಮಂಜೂರಾದ ನಕ್ಷೆಯ ನಕಲನ್ನು ಪಡೆದು, ಉದ್ಯಾನದ ತುಂಡು ಎಲ್ಲಿದೆ, ಎಷ್ಟಿದೆ, ಸ್ಥಳೀಯ ಸಂಸ್ಥೆಯ ಹೆಸರಿಗೆ ದಾಖಲಾಗಿದೆಯೇ ಎಂಬುದನ್ನು ನೋಡಿಕೊಳ್ಳತಕ್ಕದ್ದು. ಕಟ್ಟಡವನ್ನು ಇಂದಲ್ಲದಿದ್ದರೆ ನಾಳೆ ಕಟ್ಟಬಹುದು. ಹೋದ ಬಯಲನ್ನು ಮರಳಿ ತರುವುದು ಬಹಳ ಕಷ್ಟ.

ನೀರು, ಮಣ್ಣು, ಮರ

ಇನ್ನು ಬಯಲು ಉಳಿಯಿತೆಂದಿಟ್ಟುಕೊಳ್ಳೋಣ. ಅಲ್ಲಿ ಏನನ್ನು ಬೆಳೆಸಬೇಕು? ಚಿತ್ರದಲ್ಲಿ ನೋಡಿದ ಮಖಮಲ್ಲಿನಂಥ ಹುಲ್ಲುಹಾಸು ಎಲ್ಲರಿಗೂ ಬೇಕಾಗಿರುವುದು. ಆದರೆ ಬೇಸಗೆಯಲ್ಲಿ ಇಂಥ ಹುಲ್ಲಿಗೆ ದಿನಕ್ಕೆ ಚದರ ಮೀಟರಿಗೆ ಸುಮಾರು ಐದು ಲೀಟರು ನೀರು ಬೇಕು. ಒಂದು ಎಕರೆಗೆ ಇಪ್ಪತ್ತು ಸಾವಿರ ಲೀಟರಾಯಿತು. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರಿನಂತೆ ನಲ್ಲಿಯ ನೀರನ್ನು ಒದಗಿಸುವುದು ಪಟ್ಟಣಗಳ ಗುರಿಯಾಗಿರುವಾಗ, ಒಂದು ಎಕರೆಯ ಹುಲ್ಲು ನೂರೈವತ್ತು ಜನರ ನೀರನ್ನು ಕುಡಿಯುವುದೆಂದಾಯಿತು. ಹೆಂಗಸರು ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿರುವ ಊರಿನಲ್ಲಿ ಇದು ತಕ್ಕುದಲ್ಲ.

ಮರಗಳ ಲೆಕ್ಕವು ಬೇರೆ. ನೂರು ಸಸಿಗಳಿಗೆ ವಾರಕ್ಕೆರಡು ಸಲ ಇಪ್ಪತ್ತು ಇಪ್ಪತ್ತು ಲೀಟರು ಹಾಕಿದರೂ ವಾರಕ್ಕೆ ನಾಲ್ಕು ಸಾವಿರ ಲೀಟರು. ದಿನಕ್ಕೆ ಆರು ನೂರಕ್ಕಿಂತಲೂ ಕಡಿಮೆ. ಮೂರು ಬೇಸಗೆಗಳನ್ನು ದಾಟಿಸಿದರೆ ಬೇವು, ಹೊಂಗೆ, ಹುಣಿಸೆಗಳು ಬಹುಮಟ್ಟಿಗೆ ತಮ್ಮ ನೀರನ್ನು ತಾವೇ ಹುಡುಕಿಕೊಳ್ಳುವುವು. ಹುಲ್ಲು ಕಣ್ಣಿಗೆ ತಂಪು. ಮರವು ಮೈಗೆ ತಂಪು. ಮೇ ತಿಂಗಳಲ್ಲಿ ಬಿಸಿಲು ಬಿದ್ದ ಹಾಸುಗಲ್ಲಿಗೂ ಬೇವಿನ ನೆರಳಿನ ಹಾಸುಗಲ್ಲಿಗೂ ಹತ್ತು ಹದಿನೈದು ಡಿಗ್ರಿ ಶಾಖದ ವ್ಯತ್ಯಾಸವಿರುವುದು ಅಸಾಧಾರಣವಲ್ಲ. ಉಷ್ಣಮಾಪಕವು 40 ಡಿಗ್ರಿಯನ್ನು ಮುಟ್ಟುವ ಈ ಸೀಮೆಯಲ್ಲಿ ಮುದುಕರಿಗೂ, ಬಸುರಿಯರಿಗೂ, ಬೀದಿಯಲ್ಲಿ ದುಡಿಯುವವರಿಗೂ ಈ ವ್ಯತ್ಯಾಸವು ಆರೋಗ್ಯಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸವಾಗಬಹುದು.

ಬೀದರ ಜಿಲ್ಲೆಯ ಎತ್ತರದ ಭಾಗಗಳಲ್ಲಿ ಜಂಬಿಟ್ಟಿಗೆಯ ಕೆಂಪು ನೆಲವೂ, ತಗ್ಗಿನಲ್ಲಿ ಎರೆಯ ಕಪ್ಪು ನೆಲವೂ ಇರುವುವು. ಜಂಬಿಟ್ಟಿಗೆಯಲ್ಲಿ ಒಂದು ಗೇಣು ಕುಣಿ ತೋಡಿ ಸಸಿಯನ್ನು ಊರಿದರೆ ಬೇರು ಕಲ್ಲಿಗೆ ತಾಗಿ ಮಡಚಿಕೊಳ್ಳುವುದು. ಮೂರು ಅಡಿ ಉದ್ದ, ಅಗಲ, ಆಳದ ಕುಣಿಯನ್ನು ಬೇಸಗೆಯಲ್ಲಿಯೇ ತೋಡಿ, ಬಿಸಿಲಿಗೆ ಬಿಟ್ಟು, ಕೆರೆಯ ಗೋಡುಮಣ್ಣು ಮತ್ತು ತಿಪ್ಪೆಗೊಬ್ಬರವನ್ನು ಬೆರಸಿ ತುಂಬಿ, ಮೊದಲೆರಡು ಮಳೆಗಳಾದ ಮೇಲೆ ಸಸಿಯನ್ನು ನೆಡಬೇಕು. ಎರೆಯಲ್ಲಿ ಮಳೆಗಾಲಕ್ಕೆ ನೀರು ನಿಲ್ಲುವುದರಿಂದ ಸ್ವಲ್ಪ ಎತ್ತರಿಸಿದ ದಿಬ್ಬದ ಮೇಲೆ ನೆಡುವುದು ಲೇಸು. ಬೇಸಗೆಯಲ್ಲಿ ನೆಲ ಬಿರಿಯದಂತೆ ಬುಡಕ್ಕೆ ಒಣಗಿದ ಎಲೆಗಳನ್ನು ಹೊದಿಸಬೇಕು. ಆಲ, ಅರಳಿ, ಅತ್ತಿ, ಬಸರಿಗಳಿಗೆ ಹಕ್ಕಿಗಳು ಬರುವುವು. ಆದರೆ ಇವುಗಳನ್ನು ಗೋಡೆಯಿಂದಲೂ ಚರಂಡಿಯಿಂದಲೂ ದೂರದಲ್ಲಿಡಬೇಕು. ನೇರಳೆ, ನೆಲ್ಲಿ, ಸೀತಾಫಲಗಳಿದ್ದರೆ ಮಕ್ಕಳು ತಾವಾಗಿಯೇ ಬರುವರು. ಬೇಗ ಹಸಿರಾಗುವುದೆಂದು ಈಚೆಗೆ ಬಹಳ ಕಡೆ ನೆಟ್ಟ ಕೋನೋಕಾರ್ಪಸ್ ಎಂಬ ಪರದೇಶದ ಗಿಡವನ್ನು ಗುಜರಾತ ಸರಕಾರವು 2023ರಲ್ಲಿ ನಿಷೇಧಿಸಿತು. ಅದರ ಪರಾಗವೂ ಬೇರೂ ತೊಂದರೆ ಕೊಡುವುವೆಂಬುದೇ ಕಾರಣ.

ಮಳೆಯ ನೀರನ್ನೂ ಮರೆಯಬಾರದು. ಈ ಜಿಲ್ಲೆಗೆ ವರುಷಕ್ಕೆ ಸುಮಾರು 850 ಮಿಲಿಮೀಟರು ಮಳೆ. ಒಂದು ಎಕರೆಯ ಮೇಲೆ ಬೀಳುವ ನೀರು 34 ಲಕ್ಷ ಲೀಟರಿಗೂ ಮಿಕ್ಕುವುದು. ನೆಲಕ್ಕೆಲ್ಲ ಸಿಮೆಂಟಿನ ಬಿಲ್ಲೆಗಳನ್ನು ಹೊದಿಸಿದರೆ ಅದೆಲ್ಲ ಚರಂಡಿಗೆ ಹೋಗುವುದು. ಉದ್ಯಾನದ ಒಂದು ಮೂಲೆಯನ್ನು ತಗ್ಗಾಗಿ ಬಿಟ್ಟು ಅಲ್ಲಿ ನೀರನ್ನು ಇಂಗಿಸಿದರೆ ನೆರೆಯ ಬಾವಿಗಳಿಗೂ ಕೊಳವೆಬಾವಿಗಳಿಗೂ ಜೀವ ಬರುವುದು.

ಕೆರೆಯ ದಂಡೆ

ಬಸವಕಲ್ಯಾಣದವರಿಗೆ ತ್ರಿಪುರಾಂತ ಕೆರೆಗಿಂತ ದೊಡ್ಡ ಉದ್ಯಾನವು ಬೇರೆ ಬೇಕಾಗಿಲ್ಲ. ಕೆರೆಯ ಸುತ್ತಲೂ ನಡೆಯುವ ದಾರಿ, ನೆರಳಿನ ಮರಗಳು, ಅಲ್ಲಲ್ಲಿ ಕಲ್ಲಿನ ಕಟ್ಟೆಗಳು ಇಷ್ಟಿದ್ದರೆ ಸಾಕು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಕೆರೆಯನ್ನು ಸುಂದರಗೊಳಿಸುವ ಉತ್ಸಾಹದಲ್ಲಿ ದಂಡೆಗೆಲ್ಲ ಕಾಂಕ್ರೀಟಿನ ಗೋಡೆಯನ್ನು ಕಟ್ಟಿದರೆ ಜೊಂಡು ಹುಲ್ಲು ಹೋಗುವುದು. ಜೊಂಡು ಹೋದರೆ ಹಕ್ಕಿಯೂ ಹೋಗುವುದು, ನೀರನ್ನು ಸೋಸುವ ಸಹಜವಾದ ಸಾಧನವೂ ಹೋಗುವುದು. ಕೆರೆಗೆ ಮಳೆನೀರು ಬರುವ ದಾರಿಯನ್ನು ತೆರೆದಿಟ್ಟು ಮನೆಗಳ ಕೊಳಚೆಯನ್ನು ತಡೆಯುವುದೇ ಮೊದಲನೆಯ ಕೆಲಸ; ದೀಪಗಳೂ ಕಾರಂಜಿಗಳೂ ಆಮೇಲಿನವು. ಕೋಟೆಯ ಸುತ್ತಣ ತೆರಪಿನಲ್ಲಿ ನೆಡುವುದಾದರೆ ಪ್ರಾಚ್ಯವಸ್ತು ಇಲಾಖೆಯವರ ಒಪ್ಪಿಗೆಯನ್ನು ಪಡೆದು, ಗೋಡೆಗಳ ಬುಡಕ್ಕೆ ಬೇರಿಳಿಯದ ಗಿಡಗಳನ್ನೇ ಆರಿಸಬೇಕು.

ಹುಮನಾಬಾದದ ಪರಿಸ್ಥಿತಿಯು ಸ್ವಲ್ಪ ಬೇರೆ. ಅಲ್ಲಿ ಹೆದ್ದಾರಿಯ ಧೂಳೂ ಕೈಗಾರಿಕಾ ಪ್ರದೇಶವೂ ಇರುವುದರಿಂದ ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳು ಮೊದಲು ಬೇಕು. ದಟ್ಟವಾದ ಎಲೆಯ ಮರಗಳ ಎರಡು ಮೂರು ಸಾಲುಗಳು ಧೂಳನ್ನು ಬಹಳಷ್ಟು ಹಿಡಿದಿಡುವುವು. ಜಾತ್ರೆಯ ಮೈದಾನದ ನಡುವನ್ನು ತೇರಿಗೂ ಅಂಗಡಿಗಳಿಗೂ ಬಿಟ್ಟು ಅಂಚಿನಲ್ಲಿ ಮರಗಳನ್ನು ಬೆಳೆಸಿದರೆ, ವರುಷದಲ್ಲಿ ಕೆಲವು ದಿನ ಜಾತ್ರೆಗೂ ಉಳಿದ ದಿನಗಳಲ್ಲಿ ಮಕ್ಕಳಿಗೂ ಅದು ಒದಗುವುದು.

ಯಾರಿಗಾಗಿ?

ಆಯಿಯ ಮಾತನ್ನು ಇಲ್ಲಿ ನೆನೆಯೋಣ. ಗಂಡಸರಿಗೆ ಕಟ್ಟೆಯುಂಟು, ಚಹಾದ ಅಂಗಡಿಯುಂಟು, ಬಸ್ಸಿನ ನಿಲ್ದಾಣವುಂಟು. ಹೆಂಗಸು ಕೆಲಸವಿಲ್ಲದೆ, ಬರಿದೇ ಗಾಳಿಗಾಗಿ, ಕುಳಿತುಕೊಳ್ಳಲು ಯೋಗ್ಯವಾದ ಜಾಗವು ನಮ್ಮ ಊರುಗಳಲ್ಲಿ ಉದ್ಯಾನವೊಂದೇ. ಆದುದರಿಂದ ಉದ್ಯಾನವು ಹೆಂಗಸರಿಗೆ ಒಗ್ಗುವಂತಿದ್ದರೆ ಎಲ್ಲರಿಗೂ ಒಗ್ಗುವುದೆಂದು ತಿಳಿಯಬೇಕು. ಬೇಲಿಯು ಎದೆಯ ಮಟ್ಟಕ್ಕಿಂತ ಎತ್ತರವಿರಬಾರದು. ಬೀದಿಯವರಿಗೆ ಒಳಗಿನದು ಕಾಣುತ್ತಿರಬೇಕು. ಎರಡು ಬಾಗಿಲುಗಳಿರಬೇಕು. ದೀಪವು ಉರಿಯುತ್ತಿರಬೇಕು. ಶುಚಿಯಾದ ಶೌಚಗೃಹವೂ ಕುಡಿಯುವ ನೀರೂ ಇರಬೇಕು. ಗಾಲಿಕುರ್ಚಿಯವರಿಗೂ ಕೋಲು ಹಿಡಿದವರಿಗೂ ಮೆಟ್ಟಿಲಿಲ್ಲದ ದಾರಿಯಿರಬೇಕು. ಈಚೆಗೆ ಕಬ್ಬಿಣದ ವ್ಯಾಯಾಮ ಸಲಕರಣೆಗಳನ್ನು ತಂದು ಬಿಸಿಲಿನಲ್ಲಿ ನಿಲ್ಲಿಸುವ ಪದ್ಧತಿಯಾಗಿದೆ. ಮಧ್ಯಾಹ್ನ ಅವುಗಳನ್ನು ಮುಟ್ಟಿದರೆ ಕೈ ಸುಡುವುದು. ಮೊದಲು ನೆರಳು, ಆಮೇಲೆ ಸಲಕರಣೆ ಎಂಬ ಕ್ರಮವು ಒಳ್ಳೆಯದು.

ಮಾಲಿಯ ಸಂಬಳ

ಕೊನೆಯದಾಗಿ ಹಣದ ವಿಚಾರ. ಉದ್ಯಾನ ಕಟ್ಟಲು ಹಣವು ಹೇಗೋ ದೊರೆಯುವುದು. ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. 2021ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಅಮೃತ ಯೋಜನೆಯ ಎರಡನೆಯ ಹಂತದಲ್ಲಿ ಸಣ್ಣ ಪಟ್ಟಣಗಳ ಕೆರೆಗಳಿಗೂ ಉದ್ಯಾನಗಳಿಗೂ ಅವಕಾಶ ಮಾಡಲಾಯಿತು. ಕಠಿಣವಾದುದು ಅದನ್ನು ನಡೆಸಿಕೊಂಡು ಹೋಗುವುದು. ಉದ್ಘಾಟನೆಯ ಕಲ್ಲನ್ನು ನೆಡಿಸಲು ಹಣವಿದ್ದು ಮಾಲಿಯ ಸಂಬಳಕ್ಕೆ ಹಣವಿಲ್ಲದಿದ್ದರೆ ಮೂರನೆಯ ಬೇಸಗೆಗೆ ಕಲ್ಲೊಂದೇ ಉಳಿಯುವುದು. ಆದುದರಿಂದ ಯಾವ ಉದ್ಯಾನದ ಯೋಜನೆಯಾದರೂ ಮುಂದೆ ಬಂದಾಗ ನಾಗರಿಕರು ಕೇಳಬೇಕಾದ ಪ್ರಶ್ನೆಗಳು ಮೂರು: ನೀರು ಎಲ್ಲಿಂದ? ಮಾಲಿ ಯಾರು? ಐದು ವರುಷ ಅವನ ಸಂಬಳ ಯಾವ ಬಾಬಿನಿಂದ?

ಎಲ್ಲವನ್ನೂ ನಗರಸಭೆ ಪುರಸಭೆಗಳ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ದುಡಿಮೆಯನ್ನು ಕಾಯಕವೆಂದೂ ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದ ಶರಣರ ಊರಿನಲ್ಲಿ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಓಣಿಯ ಹತ್ತು ಮನೆಗಳವರು ಸೇರಿ ಹತ್ತು ಸಸಿಗಳನ್ನು ಹೊತ್ತುಕೊಳ್ಳಲಿ; ಮನೆಗೊಂದು ಸಸಿ, ವಾರಕ್ಕೆರಡು ಬಾರಿ ಒಂದು ಕೊಡ ನೀರು, ತರಕಾರಿ ಅಕ್ಕಿ ತೊಳೆದ ನೀರಾದರೂ ಆದೀತು. ಆಡುಮೇಕೆಗಳಿಗೆ ಸಿಕ್ಕದಂತೆ ಮುಳ್ಳಿನ ಬೇಲಿ. ವರುಷಕ್ಕೊಮ್ಮೆ ಎಷ್ಟು ಉಳಿದವು, ಎಷ್ಟು ಸತ್ತವು ಎಂದು ಎಣಿಸಿ ಗೋಡೆಯ ಮೇಲೆ ಬರೆಯಲಿ. ನೆಟ್ಟ ಸಸಿಗಳ ಸಂಖ್ಯೆಯನ್ನು ಎಲ್ಲರೂ ಹೇಳುವರು. ಉಳಿದ ಸಸಿಗಳ ಸಂಖ್ಯೆಯನ್ನು ಹೇಳುವವರು ಬೇಕಾಗಿದ್ದಾರೆ.

ಈ ಮಳೆಗಾಲದ ಆರಂಭದಲ್ಲಿ ಬಸವಕಲ್ಯಾಣದ ಆ ಬಂಧುಗಳಿಂದ ನನಗೆ ಫೋನು ಬಂದಿತು. ಮನೆಯ ಹಿಂದಿನ ಓಣಿಯಲ್ಲಿ ಬಹುಕಾಲದಿಂದ ಹಾಳುಬಿದ್ದಿದ್ದ ನಾಲ್ಕು ಗುಂಟೆಯ ಸಾರ್ವಜನಿಕ ಜಾಗವನ್ನು, ಅನುಮತಿಯನ್ನು ಪಡೆದು, ಓಣಿಯವರು ಚೊಕ್ಕಟ ಮಾಡಿದ್ದಾರಂತೆ. ಆರು ಬೇವು, ಎರಡು ನೇರಳೆ ನೆಟ್ಟಿದ್ದಾರಂತೆ. ಕಲ್ಲಿನ ಹಾಸುಗಳನ್ನು ತಂದು ಎರಡು ಕಟ್ಟೆಗಳನ್ನು ಮಾಡಿದ್ದು, ಒಂದನ್ನು ಹೆಂಗಸರಿಗೆಂದೇ ಬಿಡಬೇಕೆಂದು ಆಯಿಯವರು ಹಟ ಹಿಡಿದು ಗೆದ್ದರಂತೆ. ಮೊಮ್ಮಗಳು ಫೋನನ್ನು ಕಸಿದುಕೊಂಡು, “ನಂದೊಂದು ಗಿಡ ಅದರಿ. ನನ್ನ ಮಣಕಾಲಿಗೆ ಬಂದದ” ಎಂದಳು. ಆ ನೇರಳೆಯು ಹಣ್ಣು ಬಿಡುವ ಹೊತ್ತಿಗೆ ಅವಳು ಹೈಸ್ಕೂಲಿಗೆ ಹೋಗುತ್ತಿರುವಳು. ಅವಳ ಮುತ್ಯಾನು ಅದರ ನೆರಳಿನಲ್ಲಿ ಕುಳಿತಿರಲೆಂದು ಹಾರೈಸುವೆನು. ನಾಲ್ಕು ಗುಂಟೆ ಬಹಳವಲ್ಲ; 173 ಎಕರೆಗೆ ಇನ್ನೂ ಬಹು ದೂರವಿದೆ. ಆದರೆ ಆ ಓಣಿಯ ಬಯಲು ಇನ್ನು ಯಾರ ಪೇಢೆಗೂ ಕರಗುವಂಥದಲ್ಲ.